ಕ್ಯಾನ್ಸರ್ ಇಲ್ಲ ಅಂದಮೇಲೂ ಅನ್ನನಾಳ ತೆಗೆಯಬೇಕಾ?

ಪ್ರಶ್ನೆ: ನನ್ನ ಅಕ್ಕನಿಗೆ 52 ವರ್ಷ. 18 ವರ್ಷದ ಹಿಂದೆ ಅಕಲೇಷಿಯಾ (ಅನ್ನನಾಳದ ಕೆಳಗಿನ ಬಾಯಿ ತೆರೆಯದೆ ಆಹಾರ ನಿಲ್ಲುವ ಕಾಯಿಲೆ) ಇದೆ ಅಂತ ಗೊತ್ತಾಯಿತು. ಎರಡು ಸಲ ಬಲೂನ್ ಹಾಕಿ ಹಿಗ್ಗಿಸಿದರು. ಆಮೇಲೆ ಲ್ಯಾಪ್ರೋಸ್ಕೋಪಿಯಲ್ಲಿ, ಕೆಳಗಿನ ಬಿಗಿ ಸ್ನಾಯುವನ್ನು ಸೀಳುವ ಹೆಲ್ಲರ್ ಆಪರೇಷನ್ ಆಯಿತು. ಏಳೆಂಟು ವರ್ಷ ಚೆನ್ನಾಗಿದ್ದಳು. ಈಗ ಮತ್ತೆ ಗಟ್ಟಿ ಆಹಾರ ಇಳಿಯುವುದಿಲ್ಲ. ರಾತ್ರಿ ಮಲಗಿದರೆ ತಿಂದದ್ದು ಬಾಯಿಗೆ ಬರುತ್ತದೆ, ಕೆಮ್ಮಿ ಕೆಮ್ಮಿ ಎದ್ದು ಕೂರುತ್ತಾಳೆ. ಈ ವರ್ಷ ಎರಡು ಸಲ ನ್ಯುಮೋನಿಯಾ ಆಗಿದೆ. ತೂಕ 58 ಕೆ.ಜಿ.ಯಿಂದ 47ಕ್ಕೆ ಇಳಿದಿದೆ. ಬೇರಿಯಂ ಎಕ್ಸ್‌ರೇ ವರದಿಯಲ್ಲಿ ಅನ್ನನಾಳ 8 ಸೆಂ.ಮೀ. ಅಗಲವಾಗಿದೆ, ‘ಸಿಗ್ಮಾಯ್ಡ್’ ಆಕಾರಕ್ಕೆ, ಅಂದರೆ S ಅಕ್ಷರದಂತೆ ಸೊಟ್ಟಗೆ, ತಿರುಗಿದೆ ಎಂದು ಬರೆದಿದ್ದಾರೆ. ಒಬ್ಬ ವೈದ್ಯರು ಪೊಯೆಮ್ (ಎಂಡೋಸ್ಕೋಪಿಯಿಂದಲೇ ಆ ಸ್ನಾಯು ಸೀಳುವುದು) ಮಾಡೋಣ ಅನ್ನುತ್ತಾರೆ. ಇನ್ನೊಬ್ಬರು ಅನ್ನನಾಳ ತೆಗೆದು ಹೊಟ್ಟೆಯನ್ನೇ ಮೇಲಕ್ಕೆ ಎಳೆದು ಜೋಡಿಸಬೇಕು ಅನ್ನುತ್ತಾರೆ. ಮೂರನೆಯವರು ದೊಡ್ಡ ಕರುಳು ಹಾಕುವುದು ಒಳ್ಳೆಯದು ಅಂದರು. ಕ್ಯಾನ್ಸರ್ ಅಲ್ಲ ಅಂದಮೇಲೆ ಇಷ್ಟು ದೊಡ್ಡ ಆಪರೇಷನ್ ಯಾಕೆ? ಸ್ಟೆಂಟ್ ಹಾಕಿದರೆ ಆಗಲ್ವಾ? ಅನ್ನನಾಳ ತೆಗೆದರೆ ಜೀವಮಾನವಿಡೀ ಟ್ಯೂಬಿನಲ್ಲೇ ಊಟ ಅಂತ ನೆಂಟರು ಹೆದರಿಸುತ್ತಿದ್ದಾರೆ. ಏನು ಮಾಡುವುದು ಅಂತ ತಿಳಿಯುತ್ತಿಲ್ಲ.

ಉತ್ತರ: ಮೂವರು ವೈದ್ಯರು ಮೂರು ಮಾತು ಹೇಳಿದಾಗ ಯಾರೋ ಇಬ್ಬರು ತಪ್ಪು ಹೇಳುತ್ತಿದ್ದಾರೆ ಅನ್ನಿಸುವುದು ಸಹಜ. ನಿಮ್ಮ ಅಕ್ಕನ ವಿಷಯದಲ್ಲಿ ಹಾಗಿಲ್ಲ. ಮೂರೂ ನಿಜವಾದ ದಾರಿಗಳೇ. ಆದರೆ ಮೂರೂ ಒಂದೇ ತೊಂದರೆಗೆ ಮದ್ದಲ್ಲ. ಅವರ ದೇಹದಲ್ಲಿ ಈಗ ಕೆಟ್ಟಿರುವುದು ಕೆಳಗಿನ ಬಾಯಿಯೋ, ಇಡೀ ನಾಳವೋ ಅನ್ನುವುದು ಮೊದಲು ತಿಳಿಯಬೇಕು. ಅದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮೊದಲು ನೆಂಟರ ಮಾತನ್ನು ಬದಿಗಿಡೋಣ. ಅನ್ನನಾಳ ತೆಗೆದವರು ಬಾಯಿಂದಲೇ ಊಟ ಮಾಡುತ್ತಾರೆ. ಆಪರೇಷನ್ ಆದ ಮೇಲೆ ಕೆಲವು ವಾರ ಸಣ್ಣ ಕರುಳಿಗೆ ಒಂದು ತೆಳ್ಳನೆಯ ಆಹಾರದ ಟ್ಯೂಬ್ ಇಟ್ಟಿರುತ್ತಾರೆ. ಹೊಲಿಗೆ ಕೂಡಿ, ಬಾಯಿಂದ ಸಾಕಷ್ಟು ಆಹಾರ ಹೋಗುತ್ತಿದೆ ಅಂತ ಖಾತ್ರಿಯಾದ ಮೇಲೆ ತೆಗೆಯುತ್ತಾರೆ. ಆ ಟ್ಯೂಬ್ ನೋಡಿದವರು ಹೇಳಿದ ಕಥೆ ನಿಮ್ಮ ಮನೆವರೆಗೂ ಬಂದಿರಬೇಕು.

ಇನ್ನು ‘ಕ್ಯಾನ್ಸರ್ ಅಲ್ಲ, ಹಾಗಾಗಿ ಸಣ್ಣ ಕಾಯಿಲೆ’ ಅನ್ನುವ ಲೆಕ್ಕ. ಇದನ್ನು ರೋಗಿಗಳ ಮನೆಯವರಿಂದ ಬಹಳ ಕೇಳುತ್ತೇನೆ. ನಿಮ್ಮ ಅಕ್ಕ ತಮ್ಮ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಕಳೆದುಕೊಂಡಿದ್ದಾರೆ. ಒಂದೇ ವರ್ಷದಲ್ಲಿ ಎರಡು ಸಲ ಶ್ವಾಸಕೋಶಕ್ಕೆ ಸೋಂಕು ತಗುಲಿದೆ. ಇಂಥ ಕಾಯಿಲೆ ಜೀವ ತೆಗೆಯುವುದು ಗಡ್ಡೆಯಿಂದಲ್ಲ. ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಇಳಿಯುವ ಹಳಸಿದ ಆಹಾರದಿಂದ, ಮತ್ತು ಹಸಿವಿನಿಂದ.

ಇದು ಶುರುವಾಗುವುದು ಹೇಗೆ? ಅನ್ನನಾಳದ ಗೋಡೆಯಲ್ಲಿ ಎರಡು ಸ್ನಾಯು ಪದರಗಳ ಮಧ್ಯೆ ನರಗಳ ಒಂದು ಬಲೆ ಇದೆ. ಅದರಲ್ಲಿ ಸ್ನಾಯುವಿಗೆ ‘ಸಡಿಲವಾಗು’ ಅನ್ನುವ ಸೂಚನೆ ಕೊಡುವ ನರಕೋಶಗಳು ಅಕಲೇಷಿಯಾದಲ್ಲಿ ಸಾಯುತ್ತವೆ. ನುಂಗಿದಾಗ ತುತ್ತನ್ನು ಕೆಳಗೆ ನೂಕುವ ಅಲೆ ನಿಂತುಹೋಗುತ್ತದೆ. ಹೊಟ್ಟೆಯ ಬಾಯಿಯಲ್ಲಿರುವ ಬಿಗಿಯಾದ ಸ್ನಾಯು ತೆರೆಯುವುದೇ ಇಲ್ಲ. ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೆ ಬರುವಂಥ ಅಪರೂಪದ ಕಾಯಿಲೆ ಇದು. ಸತ್ತ ನರಗಳನ್ನು ಮತ್ತೆ ಬದುಕಿಸುವ ಔಷಧಿ ಇಲ್ಲ. ಬಲೂನ್, ಹೆಲ್ಲರ್, ಪೊಯೆಮ್ ಮೂರೂ ಮಾಡುವುದು ಒಂದೇ ಕೆಲಸ: ಕೆಳಗಿನ ಬಿಗಿಯನ್ನು ಮುರಿಯುವುದು. ಆಮೇಲೆ ಆಹಾರ ಇಳಿಯುವುದು ಭೂಮಿಯ ಸೆಳೆತದಿಂದ ಮಾತ್ರ.

1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ಇಂಥ ಒಬ್ಬ ರೋಗಿಗೆ ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಕೊಟ್ಟಿದ್ದರಂತೆ, ಊಟವನ್ನು ಅದರಿಂದಲೇ ಕೆಳಗೆ ನೂಕಿಕೊಳ್ಳಲು. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಆ ಸ್ನಾಯುವನ್ನು ಉದ್ದಕ್ಕೆ ಸೀಳಿದರು. 2008ರಲ್ಲಿ ಜಪಾನಿನ ಹಾರುಹಿರೊ ಇನೊವೆ ಅದೇ ಕೆಲಸವನ್ನು ಹೊರಗಿನಿಂದ ಒಂದು ಗಾಯವೂ ಇಲ್ಲದೆ, ಎಂಡೋಸ್ಕೋಪಿಯ ಮೂಲಕ ಒಳಗಿನಿಂದಲೇ ಮಾಡಿದರು. ಪೊಯೆಮ್ ಅಂದರೆ ಅದೇ. ಸಾಧನ ಬದಲಾಗಿದೆ, ಗುರಿ ಬದಲಾಗಿಲ್ಲ.

ಗುರಿ ಒಂದೇ ಆದ್ದರಿಂದಲೇ ಅದಕ್ಕೊಂದು ಮಿತಿಯೂ ಇದೆ. ವರ್ಷಗಟ್ಟಲೆ ಆಹಾರ ನಿಂತು ನಿಂತು ನಾಳ ಹಿಗ್ಗುತ್ತದೆ. ಹಿಗ್ಗಿದ ಮೇಲೆ ಉದ್ದವೂ ಜಾಸ್ತಿಯಾಗುತ್ತದೆ. ಎದೆಯೊಳಗೆ ಜಾಗ ಸಾಲದೆ ಬಾಗುತ್ತದೆ. 6 ಸೆಂ.ಮೀ. ದಾಟಿ ಹಿಗ್ಗಿ, ಹೀಗೆ ಸೊಟ್ಟಗಾದರೆ ಅದನ್ನು ಕೊನೆಯ ಹಂತ ಅನ್ನುತ್ತೇವೆ. ಅಕಲೇಷಿಯಾ ಇರುವ ಎಲ್ಲರೂ ಇಲ್ಲಿಗೆ ಬರುವುದಿಲ್ಲ, ಸಣ್ಣ ಪಾಲು ಮಾತ್ರ.

ನಿಮ್ಮ ಅಕ್ಕನ ಬೇರಿಯಂ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬಿಳಿಯಾಗಿ ಕಾಣುವುದು ಕುಡಿಸಿದ ಬೇರಿಯಂ. ಅದರ ಮೇಲೆ ಅಡ್ಡಗೆರೆಯಂತೆ ಒಂದು ಮಟ್ಟ ಕಾಣಬೇಕು, ಅದು ಖಾಲಿಯಾಗದೆ ನಿಂತ ದ್ರವದ ಮೇಲ್ಮೈ. ಈಗ ಆ ಬಿಳಿ ಕೆಳಗೆ ಹೇಗೆ ಹೋಗುತ್ತದೆ ನೋಡಿ. ನೇರವಾಗಿ ಇಳಿದು ಹಕ್ಕಿಯ ಕೊಕ್ಕಿನಂತೆ ಚೂಪಾಗಿದೆಯಾ? ಅಥವಾ ಅವರ ದೇಹದ ಬಲಕ್ಕೆ ವಾಲಿ, ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲೆ ಜೋತುಬಿದ್ದು, ಮತ್ತೆ ಮೇಲಕ್ಕೆ ಹತ್ತಿ, ಆಮೇಲೆ ಹೊಟ್ಟೆಯ ಬಾಯಿಗೆ ಸೇರಿದೆಯಾ? ಎರಡನೆಯದಾದರೆ ಅದು ವಾಶ್‌ಬೇಸಿನ್ ಕೆಳಗಿನ ಬಾಗಿದ ಪೈಪಿನಂತೆ. ಬಾಯಿ ಎಷ್ಟೇ ಅಗಲ ಮಾಡಿದರೂ ಬಾಗಿನಲ್ಲಿ ನಿಂತದ್ದು ನಿಂತೇ ಇರುತ್ತದೆ. ನಾನು ಮೊದಲು ನೋಡುವುದು ಈ ಜೋತುಬಿದ್ದ ಭಾಗ ಹೊಟ್ಟೆಯ ಬಾಯಿಗಿಂತ ಕೆಳಗಿದೆಯೋ ಇಲ್ಲವೋ ಅನ್ನುವುದನ್ನು. ಅಗಲ ಎಷ್ಟು ಸೆಂಟಿಮೀಟರು ಅನ್ನುವುದಕ್ಕಿಂತ ನನಗೆ ಇದೇ ಮುಖ್ಯ.

ಮೊದಲಿನ ಆಪರೇಷನ್ ಯಾಕೆ ಕೈಕೊಟ್ಟಿತು ಅನ್ನುವುದೂ ಗೊತ್ತಾಗಬೇಕು. ‘ಆಗ ಮಾಡಿದವರು ಸರಿ ಮಾಡಲಿಲ್ಲ’ ಅಂತ ಅನೇಕರು ನೇರ ತೀರ್ಮಾನಕ್ಕೆ ಬರುತ್ತಾರೆ. ಏಳೆಂಟು ವರ್ಷ ಚೆನ್ನಾಗಿದ್ದರು ಅಂದರೆ ಆ ಆಪರೇಷನ್ ಕೆಲಸ ಮಾಡಿತ್ತು ಅಂತಲೇ ಅರ್ಥ. ಸೀಳು ಅರೆಬರೆಯಾಗಿದ್ದರೆ ತೊಂದರೆ ಸಾಮಾನ್ಯವಾಗಿ ಮೊದಲ ವರ್ಷ ಎರಡು ವರ್ಷದೊಳಗೇ ಮರಳುತ್ತದೆ. ತಡವಾಗಿ ಮರಳಿದರೆ ಬೇರೆ ಕಾರಣ ಹುಡುಕಬೇಕು. ಸೀಳಿದ ಜಾಗ ಕಲೆಗಟ್ಟಿ ಮತ್ತೆ ಬಿಗಿದಿರಬಹುದು. ಆಸಿಡ್ ಮೇಲಕ್ಕೆ ಬಂದು ಸುಟ್ಟು ಅಲ್ಲೇ ನಾಳ ಕಿರಿದಾಗಿರಬಹುದು. ಆಸಿಡ್ ತಡೆಯಲೆಂದು ಹೊಟ್ಟೆಯ ಮೇಲ್ಭಾಗವನ್ನು ಸುತ್ತಿ ಹೊಲಿದದ್ದು ಜಾರಿರಬಹುದು. ಸೀಳಿದ ಜಾಗದ ಗೋಡೆ ಚೀಲದಂತೆ ಉಬ್ಬಿಕೊಂಡಿರಬಹುದು. ಅಥವಾ ಬಿಗಿ ಏನೂ ಇಲ್ಲದೆ, ನಾಳವೇ ಸೋತು ಹಿಗ್ಗಿರಬಹುದು. ಕೊನೆಯದೊಂದು ಸಾಧ್ಯತೆ: ಆ ಜಾಗದಲ್ಲಿ ಹೊಸದಾಗಿ ಗಡ್ಡೆ ಬೆಳೆದಿರಬಹುದು.

ಇದಕ್ಕೆ ಬೇಕಾದ ಪರೀಕ್ಷೆಗಳು ಕೆಲವೇ. ಒಂದು ಎಂಡೋಸ್ಕೋಪಿ, ಆದರೆ ನಾಳವನ್ನು ಮೊದಲು ಖಾಲಿ ಮಾಡಿ ತೊಳೆದ ಮೇಲೆ. ತೊಳೆಯದೆ ಮಾಡಿದರೆ ಆಹಾರದ ಕೆಸರಿನಡಿ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಇನ್ನೊಂದು, ಸಮಯ ಲೆಕ್ಕ ಇಟ್ಟು ಮಾಡುವ ಬೇರಿಯಂ ಎಕ್ಸ್‌ರೇ. ಅದರಲ್ಲಿ ಕುಡಿದ 1, 2 ಮತ್ತು 5 ನಿಮಿಷಕ್ಕೆ ಚಿತ್ರ ತೆಗೆದು ಎಷ್ಟು ಇಳಿಯಿತು ನೋಡುತ್ತಾರೆ. ಸಾಧ್ಯವಾದರೆ ಒತ್ತಡ ಅಳೆಯುವ ಮ್ಯಾನೊಮೆಟ್ರಿ. ಸೊಟ್ಟಗಾದ ನಾಳದಲ್ಲಿ ಅದರ ಟ್ಯೂಬ್ ಕೆಳಗಿಳಿಸುವುದೇ ಕೆಲವೊಮ್ಮೆ ಸಾಹಸ. ಜೊತೆಗೆ ಎದೆ, ಹೊಟ್ಟೆಯ ಸಿಟಿ ಸ್ಕ್ಯಾನ್.

ಈಗ ದಾರಿಗಳ ವಿಷಯ. ಸ್ಟೆಂಟ್ ಮತ್ತು ಬೊಟಾಕ್ಸ್ ಇಲ್ಲಿ ಬೇಗ ಮುಗಿಯುವ ಮಾತು. ಇಷ್ಟು ಅಗಲವಾದ ನಾಳದಲ್ಲಿ ಸ್ಟೆಂಟ್ ಹಿಡಿದು ನಿಲ್ಲುವುದಿಲ್ಲ, ಜಾರುತ್ತದೆ. ನಿಂತರೆ ಸುತ್ತಲ ಮಾಂಸ ಅದರೊಳಗೆ ಬೆಳೆದು ತೆಗೆಯುವುದು ಕಷ್ಟವಾಗುತ್ತದೆ. ಬಾಗನ್ನಂತೂ ಅದು ನೆಟ್ಟಗೆ ಮಾಡುವುದಿಲ್ಲ. ಬೊಟಾಕ್ಸ್ ಚುಚ್ಚಿದರೆ ಬಿಗಿ ಕೆಲವು ತಿಂಗಳು ಸಡಿಲವಾಗಬಹುದು, ಅಷ್ಟೇ. ಅರಿವಳಿಕೆಯನ್ನೇ ತಡೆಯಲಾರದ ವಯಸ್ಸಾದವರಿಗೆ ಅದು ಸರಿ. 52 ವರ್ಷದವರಿಗೆ ಅಲ್ಲ. ಇನ್ನೊಮ್ಮೆ ಬಲೂನ್ ಹಾಕುವುದು ಕೂಡ, ನಾಳ ನೆಟ್ಟಗಿದ್ದು ಕೆಳಗಡೆ ಬಿಗಿ ಮಾತ್ರ ಉಳಿದಿದ್ದರೆ ಯೋಚಿಸಬಹುದಾದ ದಾರಿ. ನಾಳ ಹರಿಯುವ ಅಪಾಯ ಅದರಲ್ಲೂ ಇದೆ, ನೂರರಲ್ಲಿ ಎರಡರಿಂದ ನಾಲ್ಕು ಜನರಿಗೆ ಆಗುತ್ತದೆ.

ಪೊಯೆಮ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದರ ಬಗ್ಗೆ ಎರಡು ಅತಿರೇಕದ ಮಾತು ಕೇಳುತ್ತೇವೆ. ಒಂದು, ಹೆಲ್ಲರ್ ಆದವರಿಗೆ ಪೊಯೆಮ್ ಮಾಡುವಂತೆಯೇ ಇಲ್ಲ ಅನ್ನುವುದು. ಅದು ಸುಳ್ಳು. ಹೆಲ್ಲರ್‌ನಲ್ಲಿ ನಾಳದ ಮುಂಭಾಗವನ್ನು ಸೀಳಿರುತ್ತಾರೆ. ಪೊಯೆಮ್‌ನಲ್ಲಿ ಹಿಂಭಾಗದಿಂದ, ಕಲೆಯಿಲ್ಲದ ಜಾಗದಲ್ಲಿ ಹೋಗಬಹುದು. ಫಲಿತಾಂಶ ಮೊದಲ ಸಲ ಮಾಡಿಸಿಕೊಂಡವರಷ್ಟು ಚೆನ್ನಾಗಿರದಿದ್ದರೂ ಅನೇಕರಿಗೆ ಉಪಯೋಗವಾಗಿದೆ. ಇನ್ನೊಂದು, ಪೊಯೆಮ್ ಹೊಸದು, ಹಾಗಾಗಿ ಎಲ್ಲಕ್ಕಿಂತ ಮೇಲು ಅನ್ನುವುದು. ಮೊದಲ ಸಲ ಚಿಕಿತ್ಸೆ ಪಡೆಯುವವರಲ್ಲಿ ಎರಡನ್ನೂ ಎದುರುಬದುರು ಇಟ್ಟು ನೋಡಿದ, 2019ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನದಲ್ಲಿ 2 ವರ್ಷದ ಯಶಸ್ಸು ಪೊಯೆಮ್‌ಗೆ ಶೇ. 83, ಹೆಲ್ಲರ್‌ಗೆ ಶೇ. 82ರ ಹತ್ತಿರ. ಸಮ ಅನ್ನಿ. ಆದರೆ ಆಸಿಡ್‌ನಿಂದ ನಾಳ ಸುಟ್ಟ ಗುರುತು ಪೊಯೆಮ್ ಆದವರಲ್ಲಿ ಶೇ. 44, ಹೆಲ್ಲರ್ ಜೊತೆ ಹೊಟ್ಟೆ ಸುತ್ತಿ ಹೊಲಿದವರಲ್ಲಿ ಶೇ. 29. ಅಲೆಯೇ ಇಲ್ಲದ ನಾಳಕ್ಕೆ ಬಂದ ಆಸಿಡ್ ವಾಪಸ್ ಹೋಗುವುದೂ ನಿಧಾನ. ಅದಕ್ಕೆ ಪೊಯೆಮ್ ಆದವರು ಆಸಿಡ್ ಮಾತ್ರೆಯನ್ನು ಸುಮ್ನೆ ಬಿಟ್ಟುಬಿಡಬಾರದು.

ನಾಳ ಹಿಗ್ಗಿದೆ, ಆದರೆ ತೀರಾ ಜೋತುಬಿದ್ದಿಲ್ಲ, ಕೆಳಗೆ ನಿಜವಾಗಿ ಬಿಗಿ ಇದೆ ಅಂತ ಪರೀಕ್ಷೆಯಲ್ಲಿ ಕಂಡರೆ, ಪೊಯೆಮ್ ಒಂದು ಸಲ ಮಾಡಿ ನೋಡುವುದು ನ್ಯಾಯವಾದ ಮಾತು. ಸಿಗ್ಮಾಯ್ಡ್ ಅಂದ ತಕ್ಷಣ ಎಲ್ಲರ ಅನ್ನನಾಳ ತೆಗೆಯಬೇಕಾಗಿಲ್ಲ. ಹಿಂದೆ ಆಪರೇಷನ್ ಆಗಿರದವರಿಗೆ ನಾನೂ ಮೊದಲು ಹೆಲ್ಲರ್ ಅನ್ನೇ ಹೇಳುತ್ತೇನೆ. ಜೊತೆಗೆ ನಾಳವನ್ನು ಸುತ್ತಲಿಂದ ಬಿಡಿಸಿ ಕೆಳಗೆಳೆದು ಆದಷ್ಟು ನೆಟ್ಟಗೆ ಮಾಡುತ್ತೇವೆ. ಕೆಲವರಿಗೆ ಅದೇ ಸಾಕಾಗುತ್ತದೆ. ಒಮ್ಮೆ ಆಪರೇಷನ್ ಆದ ಹೊಟ್ಟೆಯಲ್ಲಿ ಎಲ್ಲ ಅಂಟಿಕೊಂಡಿರುತ್ತದೆ. ಹೆಲ್ಲರ್ ಅನ್ನೇ ಮತ್ತೊಮ್ಮೆ ಮಾಡಹೊರಟರೆ ನಾಳದ ಒಳಪದರ ತೂತಾಗುವ ಭಯ ಜಾಸ್ತಿ.

ಸ್ನಾಯು ಸೀಳುವುದಕ್ಕೂ ಅನ್ನನಾಳ ತೆಗೆಯುವುದಕ್ಕೂ ನಡುವೆ ಇನ್ನೊಂದು ದಾರಿಯಿದೆ, ಜೋತುಬಿದ್ದ ನಾಳದ ತಳವನ್ನೂ ಹೊಟ್ಟೆಯನ್ನೂ ಸ್ಟೇಪ್ಲರ್‌ನಿಂದ ಅಗಲವಾಗಿ ಕೂಡಿಸುವುದು. ಆಹಾರ ಇಳಿಯುತ್ತದೆ. ಆಸಿಡ್ ಕೂಡ ಅಷ್ಟೇ ಧಾರಾಳವಾಗಿ ಹತ್ತುತ್ತದೆ. ಬ್ರೆಜಿಲ್‌ನಲ್ಲಿ ಚಾಗಸ್ ಅನ್ನುವ ಪರಾವಲಂಬಿ ಕಾಯಿಲೆಯಿಂದ ಅನ್ನನಾಳ ಹೀಗೇ ಹಿಗ್ಗುತ್ತದೆ, ಅಲ್ಲಿನ ಸರ್ಜನ್‌ಗಳಿಗೆ ಈ ಹಂತದ ಕಾಯಿಲೆಯ ಅನುಭವ ಬಹಳ. ಅವರು ಇದರ ಜೊತೆ ಹೊಟ್ಟೆಯ ಒಂದು ಭಾಗವನ್ನೂ ತೆಗೆದು ಆಸಿಡ್, ಪಿತ್ತ ಎರಡನ್ನೂ ಕಡಿಮೆ ಮಾಡುವ ವಿಧಾನ ಬಳಸಿದ್ದಾರೆ. ದೊಡ್ಡ ಆಪರೇಷನ್ ತಡೆಯಲಾರದವರಿಗೆ ಇದು ನೆನಪಿಡಬೇಕಾದ ದಾರಿ.

ಇನ್ನು ಅನ್ನನಾಳ ತೆಗೆಯುವುದು. ಇದರಲ್ಲಿ ಎರಡು ತೀರ್ಮಾನ ಸೇರಿವೆ: ಹೇಗೆ ತೆಗೆಯುವುದು, ಅದರ ಜಾಗಕ್ಕೆ ಏನು ತರುವುದು. ಎದೆ ತೆರೆಯದೆ, ಹೊಟ್ಟೆ ಮತ್ತು ಕುತ್ತಿಗೆಯಿಂದಲೇ ಬಿಡಿಸಿ ತೆಗೆಯುವ ವಿಧಾನವಿದೆ. ಶ್ವಾಸಕೋಶಕ್ಕೆ ಅದು ಹಗುರ. ಆದರೆ ಎದೆಯೊಳಗೆ ಕೈ ಹಾಕಿ ಕಣ್ಣಿಗೆ ಕಾಣದೆ ಬಿಡಿಸುವ ಹಂತ ಅದರಲ್ಲಿದೆ. ವರ್ಷಗಟ್ಟಲೆ ಹಿಗ್ಗಿದ ನಾಳಕ್ಕೆ ರಕ್ತ ತರುವ ನಾಳಗಳೂ ದಪ್ಪವಾಗಿರುತ್ತವೆ. ಹಿಂದೆ ಸೀಳಿದ ಜಾಗ ಅಕ್ಕಪಕ್ಕಕ್ಕೆ ಅಂಟಿರುತ್ತದೆ. ಅದಕ್ಕೆ ಇಂಥವರಲ್ಲಿ ಎದೆಯೊಳಗೆ ಕ್ಯಾಮೆರಾ ಇಟ್ಟು, ಪ್ರತಿ ರಕ್ತನಾಳವನ್ನೂ ನೋಡಿ ಮುಚ್ಚುತ್ತಾ ಬಿಡಿಸುವುದು ನನಗೆ ಹೆಚ್ಚು ಸಮಾಧಾನ ಕೊಡುತ್ತದೆ. ಬೇರೆ ಅನುಭವಿ ಸರ್ಜನ್ ಇದನ್ನು ಒಪ್ಪದಿರಬಹುದು. ಅವರ ಕೈ ಯಾವುದಕ್ಕೆ ಪಳಗಿದೆಯೋ ಅದನ್ನೇ ಮಾಡಲಿ. ಕ್ಯಾನ್ಸರ್ ಅಲ್ಲದ್ದರಿಂದ ಸುತ್ತಲಿನ ಗ್ರಂಥಿಗಳನ್ನೆಲ್ಲ ಕಿತ್ತು ತೆಗೆಯಬೇಕಾಗಿಲ್ಲ, ಅದೊಂದು ಅನುಕೂಲ. ಹೊಟ್ಟೆಯ ಕೆಲಸ ನಿಯಂತ್ರಿಸುವ ವೇಗಸ್ ನರ ಉಳಿಸಿ ನಾಳವನ್ನು ಮಾತ್ರ ತೆಗೆಯುವ ವಿಧಾನವೂ ಇದೆ. ಆಮೇಲಿನ ಹೊಟ್ಟೆಯ ಕಾಟ ಅದರಲ್ಲಿ ಕಡಿಮೆ. ಹಿಂದೆ ಆಪರೇಷನ್ ಆಗಿ ಅಂಟಿಕೊಂಡ ಜಾಗದಲ್ಲಿ ಅದು ಸುಲಭವಲ್ಲ.

‘ಕೆಟ್ಟ ಭಾಗ ಮಾತ್ರ ತೆಗೆದು ಉಳಿದದ್ದು ಬಿಡಬಾರದೇ’ ಅಂತ ಕೇಳುತ್ತಾರೆ. ಅಕಲೇಷಿಯಾದಲ್ಲಿ ಅರ್ಧ ಬಿಟ್ಟರೆ ಆ ಅರ್ಧವೂ ಅಲೆಯಿಲ್ಲದ, ಹಿಗ್ಗಿದ ನಾಳವೇ. ಅದಕ್ಕೆ ಬಹುಪಾಲು ತೆಗೆದು, ಕುತ್ತಿಗೆಯಲ್ಲಿ ಅಥವಾ ಎದೆಯ ಮೇಲ್ಭಾಗದಲ್ಲಿ ಜೋಡಿಸುತ್ತೇವೆ.

ಜಾಗಕ್ಕೆ ತರುವ ವಿಷಯದಲ್ಲಿ ನಿಮ್ಮ ಎರಡನೇ ಮತ್ತು ಮೂರನೇ ವೈದ್ಯರು ಬೇರೆಯಾಗುತ್ತಾರೆ. ಹೊಟ್ಟೆಯನ್ನು ಬಳಸುವುದು ಹೇಗೆಂದರೆ, ಅದರ ಬಲಭಾಗದ ಒಳಬಾಗಿನ ಪಟ್ಟಿಯನ್ನು ಸ್ಟೇಪ್ಲರ್‌ನಿಂದ ಕತ್ತರಿಸಿ ತೆಗೆದು, ಉಳಿದದ್ದನ್ನು ನಾಲ್ಕೈದು ಸೆಂಟಿಮೀಟರ್ ಅಗಲದ ಉದ್ದನೆಯ ಕೊಳವೆ ಮಾಡುತ್ತೇವೆ. ಅದಕ್ಕೆ ರಕ್ತ ಹರಿಯುವುದು ಹೊಟ್ಟೆಯ ಹೊರಬಾಗಿನುದ್ದಕ್ಕೂ ಓಡುವ, ಬಲಗಡೆಯಿಂದ ಬರುವ ಒಂದೇ ರಕ್ತನಾಳದಿಂದ. ಆಪರೇಷನ್ ಪೂರ್ತಿ ಆ ಒಂದು ನಾಳವನ್ನು ಮುಟ್ಟದಂತೆ, ಎಳೆಯದಂತೆ ಕಾಯಬೇಕು. ಕೊಳವೆಯ ಮೇಲ್ತುದಿಯ ಬಣ್ಣ ಗುಲಾಬಿಯಾಗೇ ಇದೆಯಾ ಅಂತ ಕುತ್ತಿಗೆಗೆ ತಂದ ಮೇಲೂ ನೋಡುತ್ತೇವೆ. ಹೊಟ್ಟೆಯನ್ನು ಬಳಸಿದರೆ ಜೋಡಿಸಬೇಕಾದ್ದು ಒಂದೇ ಕಡೆ. ಇದೇ ಇದರ ದೊಡ್ಡ ಗುಣ. ಹೆಲ್ಲರ್ ಆದವರಲ್ಲೂ ಹೊಟ್ಟೆ ಸಾಮಾನ್ಯವಾಗಿ ಬಳಸುವಂತಿರುತ್ತದೆ.

ದೊಡ್ಡ ಕರುಳಾದರೆ ಮೂರು ಕಡೆ ಜೋಡಿಸಬೇಕು: ಮೇಲೆ ಅನ್ನನಾಳಕ್ಕೆ, ಕೆಳಗೆ ಹೊಟ್ಟೆಗೆ, ಮತ್ತೆ ತುಂಡು ತೆಗೆದ ಕರುಳಿನ ಎರಡು ತುದಿಗಳಿಗೆ. ಮೊದಲೇ ಕೊಲೊನೋಸ್ಕೋಪಿ ಆಗಬೇಕು, ರಕ್ತನಾಳಗಳ ನಕ್ಷೆ ನೋಡಬೇಕು. ಮೇಲೆ ತಂದ ತುಂಡಿಗೆ ರಕ್ತ ಸಾಲದೆ ಅದು ಸತ್ತರೆ ಪರಿಸ್ಥಿತಿ ಬಹಳ ಕಷ್ಟ. ವರ್ಷಗಳು ಕಳೆದಂತೆ ಅದು ಉದ್ದವಾಗಿ, ಬಾಗಿ, ಮತ್ತೆ ಆಹಾರ ನಿಲ್ಲಬಹುದು. ಹಾಗಾದರೆ ಮೂರನೇ ವೈದ್ಯರು ಯಾಕೆ ಹಾಗಂದರು? ಅವರ ವಾದದಲ್ಲಿ ಹುರುಳಿದೆ. ಹೊಟ್ಟೆ ತನ್ನ ಜಾಗದಲ್ಲೇ ಉಳಿಯುತ್ತದೆ, ಒಮ್ಮೆಗೆ ಸ್ವಲ್ಪ ಜಾಸ್ತಿ ತಿನ್ನಬಹುದು. ಆಸಿಡ್ ಗಂಟಲಿಗೆ ಹತ್ತುವುದು ಕಡಿಮೆ. ಹಲವು ದಶಕ ಬದುಕಬೇಕಾದ ಎಳೆಯ ವಯಸ್ಸಿನವರಿಗೆ ಇದನ್ನೇ ಆರಿಸುವ ಒಳ್ಳೆಯ ಸರ್ಜನ್‌ಗಳಿದ್ದಾರೆ. ಆಸಿಡ್ ಅಥವಾ ಕ್ಷಾರ ಕುಡಿದು ಅನ್ನನಾಳ ಸುಟ್ಟುಕೊಂಡವರಲ್ಲಂತೂ ಹೊಟ್ಟೆಯೂ ಸುಟ್ಟು ಮುದುಡಿರುವುದುಂಟು. ಆಗ ಕರುಳೇ ಗತಿ. ಅಂಥವರಿಗೆ ಹಳೇ ನಾಳವನ್ನು ಒಳಗೇ ಬಿಟ್ಟು ಎದೆಮೂಳೆಯ ಹಿಂದಿನಿಂದ ಕರುಳನ್ನು ತರುವುದೂ ಇದೆ. ಆದರೆ ಒಳಗೆ ಉಳಿದ ಸುಟ್ಟ ನಾಳದಲ್ಲಿ ದಶಕಗಳ ನಂತರ ಕ್ಯಾನ್ಸರ್ ಬರುವ ಭಯ ಉಳಿಯುತ್ತದೆ. ನಿಮ್ಮ ಅಕ್ಕನ ಹೊಟ್ಟೆ ಚೆನ್ನಾಗಿದೆ ಅಂತಾದರೆ, ಮೊದಲ ಆಯ್ಕೆಯಾಗಿ ಕರುಳಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಮೀಸಲಾಗಿರಲಿ.

ಸಣ್ಣ ಕರುಳು ಮೂರನೇ ಆಯ್ಕೆ. ಅದಕ್ಕೆ ತನ್ನದೇ ಅಲೆ ಇದೆ, ಅದು ಚೆನ್ನ. ಆದರೆ ಕುತ್ತಿಗೆವರೆಗೆ ಎಟುಕಿಸಬೇಕೆಂದರೆ ಸೂಕ್ಷ್ಮದರ್ಶಕದಡಿ ರಕ್ತನಾಳಗಳನ್ನೂ ಜೋಡಿಸಬೇಕಾಗುತ್ತದೆ. ಕೆಳಭಾಗ ಮಾತ್ರ ಕೆಟ್ಟವರಿಗೆ, ಉದಾಹರಣೆಗೆ ಹೊಟ್ಟೆಯ ಆಸಿಡ್ ಮೇಲಕ್ಕೆ ಬಂದು ನಾಳ ಹಿಗ್ಗಿಸಲಾಗದಷ್ಟು ಕಿರಿದಾದವರಿಗೆ, ಅದು ಹೊಂದುತ್ತದೆ.

ಅಪಾಯದ ಲೆಕ್ಕ ಹೇಳದೆ ಇದೆಲ್ಲ ಅಪೂರ್ಣ. ಅಭ್ಯಾಸವಿರುವ ಕೇಂದ್ರಗಳಲ್ಲೂ ಇಂಥ ಕಾಯಿಲೆಗೆ ಅನ್ನನಾಳ ತೆಗೆಸಿಕೊಂಡ ನೂರು ಜನರಲ್ಲಿ ಎರಡು ಮೂರು ಜನ ಉಳಿಯುವುದಿಲ್ಲ. ಹತ್ತರಲ್ಲಿ ಒಬ್ಬರಿಗೆ ನ್ಯುಮೋನಿಯಾ ಆಗುತ್ತದೆ. ಹೊಲಿಗೆ ಲೀಕ್ ಆಗುವುದೂ ಹೆಚ್ಚುಕಡಿಮೆ ಅಷ್ಟೇ. ಕುತ್ತಿಗೆಯ ಹೊಲಿಗೆ ಲೀಕ್ ಆಗುವುದು ಜಾಸ್ತಿ, ಆದರೆ ಹೆಚ್ಚಾಗಿ ಗಾಯ ತೆರೆದಿಟ್ಟರೆ ತಾನೇ ಮುಚ್ಚುತ್ತದೆ. ಎದೆಯೊಳಗಿನದು ಕಡಿಮೆ, ಆದರೆ ಲೀಕ್ ಆಯಿತೆಂದರೆ ಗಂಡಾಂತರ. ಕುತ್ತಿಗೆಯಲ್ಲಿ ಧ್ವನಿಯ ನರಕ್ಕೆ ಪೆಟ್ಟಾಗಿ ದನಿ ಒಡೆಯಬಹುದು, ಸಾಮಾನ್ಯವಾಗಿ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಪೊಯೆಮ್‌ನಲ್ಲಿ ಸಾವಿನ ಮಾತು ಅತ್ಯಂತ ವಿರಳ. ಈ ವ್ಯತ್ಯಾಸವನ್ನು ಯಾರೂ ಮುಚ್ಚಿಡಬಾರದು.

ಚೆನ್ನಾಗಿ ಚೇತರಿಸಿಕೊಂಡ ಮೇಲೂ ದೇಹ ಮೊದಲಿನಂತಾಗುವುದಿಲ್ಲ. ದಿನಕ್ಕೆ ಮೂರು ಊಟದ ಬದಲು ಐದಾರು ಸಣ್ಣ ಊಟ. ತಲೆ ಎತ್ತರಿಸಿ ಮಲಗುವುದು ಜೀವನಪೂರ್ತಿ. ಸಿಹಿ ಜಾಸ್ತಿ ತಿಂದರೆ ಬೆವರು, ಎದೆಬಡಿತ, ಭೇದಿ ಆಗಬಹುದು, ಏಕೆಂದರೆ ಹೊಟ್ಟೆ ಅದನ್ನು ತಡೆದು ನಿಲ್ಲಿಸದೆ ಕರುಳಿಗೆ ಸುರಿದುಬಿಡುತ್ತದೆ. ಮೊದಲ ತಿಂಗಳುಗಳಲ್ಲಿ ಹೊಲಿಗೆಯ ಜಾಗ ಕಿರಿದಾಗಿ ಎಂಡೋಸ್ಕೋಪಿಯಲ್ಲಿ ಹಿಗ್ಗಿಸಬೇಕಾಗುವುದು ಸಾಮಾನ್ಯ. ಆಪರೇಷನ್ ಸೋತಿತು ಅಂತ ಆಗ ಗಾಬರಿ ಬೀಳಬೇಡಿ. ಇಷ್ಟೆಲ್ಲದರ ಮಧ್ಯೆಯೂ ಹೆಚ್ಚಿನವರು ಚೆನ್ನಾಗಿ ನುಂಗುತ್ತಾರೆ, ತೂಕ ಹಿಡಿಯುತ್ತಾರೆ, ರಾತ್ರಿ ಕೆಮ್ಮಿಲ್ಲದೆ ಮಲಗುತ್ತಾರೆ. ಹಿಂದೆ ವರ್ಷಗಟ್ಟಲೆ ಮನೆಯವರ ಜೊತೆ ಕೂತು ಊಟ ಮಾಡಲು ಮುಜುಗರಪಟ್ಟವರಿಗೆ ಅದು ದೊಡ್ಡ ಮಾತು.

ಕ್ಯಾನ್ಸರ್ ಬಗ್ಗೆ ಒಂದು ಮಾತು. ದೀರ್ಘಕಾಲದ ಅಕಲೇಷಿಯಾದಲ್ಲಿ ಅನ್ನನಾಳದ ಕ್ಯಾನ್ಸರ್ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಆದರೂ ಬಹುಪಾಲು ಜನರಿಗೆ ಅದು ಬರುವುದೇ ಇಲ್ಲ. ‘ಮುಂದೆ ಕ್ಯಾನ್ಸರ್ ಬರುತ್ತದೆ, ಈಗಲೇ ತೆಗೆದುಬಿಡಿ’ ಅನ್ನುವ ಒಂದೇ ಕಾರಣಕ್ಕೆ ಯಾರೂ ಅನ್ನನಾಳ ತೆಗೆಸಬಾರದು. ಉಳಿಸಿಕೊಂಡರೆ ಕೆಲವು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಿ.

ಹಾಗಾದರೆ ನಿಮ್ಮ ಅಕ್ಕನಿಗೆ? ನೀವು ಬರೆದಷ್ಟರ ಮೇಲೆ ಹೇಳುತ್ತೇನೆ, ಫಿಲ್ಮ್ ನೋಡಿದವರ ಮಾತು ಇದಕ್ಕಿಂತ ಮೇಲು. ಒಮ್ಮೆ ಹೆಲ್ಲರ್ ಆಗಿದೆ, 8 ಸೆಂ.ಮೀ. ಹಿಗ್ಗಿದೆ, ಬಾಗಿದೆ, ಶ್ವಾಸಕೋಶಕ್ಕೆ ಪದೇಪದೇ ಇಳಿಯುತ್ತಿದೆ. ಬಾಗು ಹೊಟ್ಟೆಯ ಬಾಯಿಗಿಂತ ಕೆಳಗೆ ಜೋತುಬಿದ್ದಿದ್ದರೆ, ಅಥವಾ ಕೆಳಗೆ ಬಿಗಿಯೇ ಇಲ್ಲ ಅಂತ ಕಂಡರೆ, ಪೊಯೆಮ್‌ನಿಂದ ಸಿಗುವುದು ಕಡಿಮೆ. ಅನ್ನನಾಳ ತೆಗೆದು ಹೊಟ್ಟೆಯನ್ನು ಮೇಲಕ್ಕೆ ತರುವುದೇ ನನ್ನ ಸಲಹೆ. ಬಿಗಿ ಇದೆ, ಬಾಗು ಅಷ್ಟಿಲ್ಲ ಅಂದರೆ ಪೊಯೆಮ್‌ಗೆ ಒಂದು ಅವಕಾಶ ಕೊಡಿ. ಆದರೆ ಗೆದ್ದಿತೋ ಸೋತಿತೋ ಅನ್ನುವ ಅಳತೆಯನ್ನು ಮೊದಲೇ ಮಾತಾಡಿಕೊಳ್ಳಿ: ಮೂರು ತಿಂಗಳಿಗೆ ಮತ್ತೆ ಸಮಯದ ಬೇರಿಯಂ ಎಕ್ಸ್‌ರೇ, ತೂಕ, ರಾತ್ರಿಯ ಕೆಮ್ಮು. ಸುಧಾರಿಸದಿದ್ದರೆ ಮತ್ತೊಂದು ಬಲೂನ್, ಇನ್ನೊಂದು ಪೊಯೆಮ್ ಅಂತ ವರ್ಷ ಕಳೆಯಬೇಡಿ. ಇಂಥ ತೇಪೆಗಳಲ್ಲೇ ಶ್ವಾಸಕೋಶ ಹಾಳಾಗಿ, ಕೊನೆಗೆ ದೊಡ್ಡ ಆಪರೇಷನ್ ತಡೆಯುವ ಶಕ್ತಿಯೇ ಇಲ್ಲದೆ ಬರುವವರನ್ನು ನೋಡುವುದು ನನಗೆ ತುಂಬಾ ಬೇಸರದ ಕೆಲಸ.

ಯಾವುದೇ ದಾರಿ ಆರಿಸಿದರೂ ನಾಳೆಯೇ ಆಪರೇಷನ್ ಬೇಡ. ಇಷ್ಟು ತೂಕ ಇಳಿದವರಿಗೆ ಮೊದಲು ಒಂದೆರಡು ವಾರವಾದರೂ, ಬೇಕಾದರೆ ಇನ್ನೂ ಹೆಚ್ಚು, ಮೂಗಿನಿಂದ ಸಣ್ಣ ಕರುಳಿಗೆ ಟ್ಯೂಬ್ ಹಾಕಿ ಪೌಷ್ಟಿಕ ದ್ರವ ಕೊಡಬೇಕು. ಅದನ್ನೂ ನಿಧಾನವಾಗಿ ಶುರುಮಾಡಬೇಕು. ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯ. ಉಸಿರಾಟದ ವ್ಯಾಯಾಮ ಈಗಿನಿಂದಲೇ ಆಗಲಿ. ಅರಿವಳಿಕೆ ಕೊಡುವ ಯಾವುದೇ ವೈದ್ಯರಿಗೆ, ಅದು ಹಲ್ಲಿನದೋ ಕಣ್ಣಿನದೋ ಆಪರೇಷನ್ ಆದರೂ ಸರಿ, ‘ಅನ್ನನಾಳದಲ್ಲಿ ಆಹಾರ ನಿಲ್ಲುತ್ತದೆ’ ಅಂತ ಮೊದಲೇ ಹೇಳಿ. ರಾತ್ರಿಯಿಂದ ಉಪವಾಸ ಇದ್ದರೂ ಇವರ ಅನ್ನನಾಳ ಖಾಲಿ ಇರುವುದಿಲ್ಲ.

ಮನೆಯಲ್ಲಿ ಇಂದಿನಿಂದಲೇ ಮಾಡಬಹುದಾದ್ದು: ಮಲಗುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿಸಲಿ. ದಿಂಬು ಪೇರಿಸುವ ಬದಲು ಮಂಚದ ತಲೆಭಾಗವನ್ನೇ ಎತ್ತರಿಸಿ. ಮಾತ್ರೆಗಳು ನಾಳದಲ್ಲೇ ಕೂತು ಹುಣ್ಣು ಮಾಡುತ್ತವೆ, ದ್ರವ ರೂಪದಲ್ಲಿ ಸಿಗುತ್ತದಾ ಕೇಳಿ. ಜ್ವರ, ಉಸಿರಿನ ತೊಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಅಥವಾ ನೀರೂ ಇಳಿಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಸರ್ಜನ್ ಆರಿಸುವಾಗ ವರ್ಷಕ್ಕೆ ಎಷ್ಟು ಅನ್ನನಾಳದ ಆಪರೇಷನ್ ಮಾಡುತ್ತೀರಿ ಅಂತ ಸಂಕೋಚವಿಲ್ಲದೆ ಕೇಳಿ. ನೆದರ್ಲೆಂಡ್ಸ್‌ನಲ್ಲಿ 2011ರಲ್ಲಿ ಒಂದು ಆಸ್ಪತ್ರೆ ವರ್ಷಕ್ಕೆ ಕನಿಷ್ಠ 20 ಮಾಡಬೇಕು ಅನ್ನುವ ನಿಯಮ ತಂದರು. ಅಂಥ ನಿಯಮ ಇಲ್ಲದ ಕಡೆ ಆ ಪ್ರಶ್ನೆ ರೋಗಿಯ ಕಡೆಯವರೇ ಕೇಳಬೇಕು. ಲೀಕ್ ಆದರೆ ರಾತ್ರಿ ಎರಡು ಗಂಟೆಗೂ ಎಂಡೋಸ್ಕೋಪಿ, ಸಿಟಿ ಸ್ಕ್ಯಾನ್, ಐಸಿಯು ಸಿಗುತ್ತದಾ ಅಂತಲೂ ಕೇಳಿ. ಹೋಗುವಾಗ ಮೊದಲ ಹೆಲ್ಲರ್ ಆಪರೇಷನ್ನಿನ ಟಿಪ್ಪಣಿ, ಅಂದಿನ ಮತ್ತು ಇಂದಿನ ಬೇರಿಯಂ ಫಿಲ್ಮ್‌ಗಳು ಕೈಲಿರಲಿ. ಡಿಸ್ಚಾರ್ಜ್ ಪತ್ರ ಮಾತ್ರ ಸಾಲದು, ಎಷ್ಟು ಉದ್ದ ಸೀಳಿದರು, ಹೊಟ್ಟೆಯನ್ನು ಮುಂದಿನಿಂದ ಸುತ್ತಿದರೋ ಹಿಂದಿನಿಂದಲೋ ಅನ್ನುವುದು ಆ ಟಿಪ್ಪಣಿಯಲ್ಲೇ ಇರುವುದು. ಹಳೇ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟು ಕೇಳಿ.